ಅಳತೆ ಫೋನು

ಮಾರ್ಚ್ ೩, ಸೋಮವಾರ

ಮಹಾಸಭೆಯ ಮಾನ್ಯರೇ, ಮುಂದಿನ ಸಾಲಿನ ಮೆತ್ತನೆ ಕುರ್ಚಿ ಹಿಡಿದ ಮಹನೀಯರೇ, ಹಿಂದಿನ ಸಾಲಿನಲ್ಲಿ ಈಗಾಗಲೇ ತೂಕಡಿಸುತ್ತಿರುವ ಮಹಾತ್ಮರೇ, ಈ ದಿನಚರಿಯ ಪ್ರಥಮ ಅಧಿವೇಶನಕ್ಕೆ ತಮಗೆಲ್ಲ ಆದರದ ಸ್ವಾಗತ. ಛಂದಸ್ಸು ಓದಿ ಪದವಿ ಪಡೆದು, ರಟ್ಟಿನ ಪೆಟ್ಟಿಗೆ ಮಾಡಲು ಕೂತು, ಪ್ರಾಸ ಕಂಡಲ್ಲಿ ಈಗಲೂ ಕಾಲು ಜಾರುವ ಈ ನಲವತ್ತೈದರ ಹೆಂಗಸು ತನ್ನ ವರದಿಯನ್ನು ಸಭೆಯ ಮುಂದಿಡುತ್ತಾಳೆ. ಚಪ್ಪಾಳೆ ಕೊನೆಯಲ್ಲಿ.

ಹೋದ ನವೆಂಬರಿನಲ್ಲಿ ನಮ್ಮ ಯಜಮಾನರು ಒಂದು ಗೋದಾಮಿಗೆ ಪೆಟ್ಟಿಗೆ ಇಳಿಸಲು ಹೋದರು. ಸಾಮಾನಿನ ಲಿಫ್ಟಿನಲ್ಲಿ ಪೆಟ್ಟಿಗೆಗಳ ಜೊತೆ ತಾವೂ ನಿಂತರು. ಉಕ್ಕಿನ ಹಗ್ಗ ಹರಿಯಿತು. ಗೋದಾಮಿನವರು ಹೇಳುವುದು, ಅದು ಸಾಮಾನಿನ ಲಿಫ್ಟು, ಮನುಷ್ಯರು ಹತ್ತಬಾರದಿತ್ತು. ನಾವು ಹೇಳುವುದು, ಹಗ್ಗ ಸಾಮಾನಿಗಾದರೂ ಹರಿಯಬಾರದಿತ್ತು. ಈ ಎರಡು ವಾಕ್ಯಗಳ ನಡುವೆ ಒಂದು ಕೇಸು ನಿಂತಿದೆ. ಅರ್ಜಿದಾರರು ಇಬ್ಬರು, ನಾನು ಮತ್ತು ನನ್ನ ಅತ್ತೆ.

ಇವತ್ತು ವಕೀಲರು ಹೊಸ ಪದವೊಂದನ್ನು ಮೇಜಿನ ಮೇಲಿಟ್ಟರು. ಫೊರೆನ್ಸಿಕ್ ಅಕೌಂಟೆಂಟ್. ಯಜಮಾನರು ತೀರಿಕೊಂಡ ದಿನ ಕಾರ್ಖಾನೆಯ ಬೆಲೆ ಎಷ್ಟಿತ್ತು, ಅವರಿಲ್ಲದ ಮೇಲೆ ಎಷ್ಟಕ್ಕೆ ಇಳಿಯಿತು, ಬದುಕಿದ್ದರೆ ಇನ್ನೆಷ್ಟು ಗಳಿಸುತ್ತಿದ್ದರು, ಇದನ್ನೆಲ್ಲ ನ್ಯಾಯಾಧೀಶರು ನಂಬುವ ಹಾಗೆ ಹೇಳಲು ಅಂಥವರೊಬ್ಬರನ್ನು ನೇಮಿಸಿಕೊಳ್ಳಬೇಕಂತೆ. ನಮ್ಮ ಲೆಕ್ಕ ಬರೆಯುವವರು ಸಾಲದೇ ಎಂದು ಕೇಳಿದೆ.

"ಅವರು ಬದುಕಿರೋ ಲೆಕ್ಕ ನೋಡೋರು," ಎಂದರು ವಕೀಲರು. "ಇದು ಸತ್ತಿರೋ ಲೆಕ್ಕ."

ಎದ್ದು ಹೊರಡುವಾಗ, ಕಾರ್ಖಾನೆ ಹೇಗೆ ನಡೀತಿದೆ ಎಂದರು. ಆರ್ಡರ್ ಬರುತ್ತಲೇ ಇವೆ ಎಂದೆ. ಅವರು ಪೆನ್ನಿನ ಕ್ಯಾಪು ಹಾಕಿದರು.

"ನೋಡಿ, ಆರ್ಡರ್ ಕಡಿಮೆಯಾದರೆ ಕೇಸಿಗೆ ಒಳ್ಳೇದು ಅಂತ ನಾನು ಹೇಳೋ ಹಾಗಿಲ್ಲ. ಹೇಳಿಲ್ಲ ಕೂಡ. ನೆನಪಿಡಿ."

"ಯಾವುದನ್ನ ನೆನಪಿಡಲಿ ಮೇಡಂ?"

"ಹೇಳಿಲ್ಲ ಅನ್ನೋದನ್ನ."

ಸಭೆಗೆ ಅರ್ಥವಾಗಿರಬೇಕು. ಕಾರ್ಖಾನೆ ಚೆನ್ನಾಗಿ ನಡೆದಷ್ಟೂ ಯಜಮಾನರ ಬೆಲೆ ಇಳಿಯುತ್ತದೆ. ಅದು ಮಲಗಿದರೆ ಅವರು ಏಳುತ್ತಾರೆ. ಮಗಳ ಮುಂದಿನ ಓದು, ಅತ್ತೆಯ ಮಂಡಿಯ ಆಪರೇಷನ್ನು, ಎರಡೂ ಆ ಬೆಲೆಯನ್ನು ನಂಬಿಕೊಂಡು ಕೂತಿವೆ.

ಮೆಟ್ಟಿಲಿಳಿಯುವಾಗ ಹೊಳೆದದ್ದು: ನಕ್ಕರೊಂದು ಬಿಲ್ಲು, ಕೆಮ್ಮಿದರೊಂದು ಬಿಲ್ಲು; ವಕೀಲರ ಬಾಗಿಲು ತಟ್ಟುವ ಮುನ್ನ, ಕೈಯೇ, ಸ್ವಲ್ಪ ನಿಲ್ಲು.

ಮಾರ್ಚ್ ೬, ಗುರುವಾರ

ಔಷಧಿ ಕಂಪನಿಯ ಖರೀದಿಯವರು ಫೋನ್ ಮಾಡಿದ್ದರು. ಟಾನಿಕ್ ಸೀಸೆಗಳಿಗೆ ಪೆಟ್ಟಿಗೆ, ದೊಡ್ಡ ಆರ್ಡರು. ನಮ್ಮ ಹಾಳೆ ಕತ್ತರಿಸುವ ಮೆಷಿನ್ ಕೆಟ್ಟಿದೆ ಎಂದೆ. ಆ ಕ್ಷಣದಲ್ಲಿ ಅದು ನನ್ನ ಬೆನ್ನ ಹಿಂದೆ ಗಡಗಡ ಎನ್ನುತ್ತಿತ್ತು. ಫೋನು ಹಿಡಿದುಕೊಂಡು ಅಂಗಳಕ್ಕೆ ನಡೆದೆ. ಖರೀದಿಯವರು, ನಿಮ್ಮ ಮೆಷಿನ್ ಇತ್ತೀಚೆಗೆ ಬಹಳ ಕೆಡುತ್ತಲ್ಲ ಎಂದರು. ವಯಸ್ಸಾಯಿತು ಎಂದೆ.

ವಕೀಲರು ಹೇಳದೆ ಹೇಳಿದ್ದನ್ನು ನಾನು ಕೇಳದೆ ಕೇಳಿದ್ದೇನೆ. ಸಭೆ ಇದನ್ನು ದಾಖಲಿಸಿಕೊಳ್ಳಬೇಕು.

ಮನೆಗೆ ಬಂದು ಆರ್ಡರ್ ಇಲ್ಲ ಎಂದೆ. "ನನ್ನ ಮಗ ಇಲ್ದೆ ಆ ಕಾರ್ಖಾನೆ ಎಷ್ಟು ದಿನ ನಿಲ್ಲುತ್ತೆ," ಎಂದರು ಅತ್ತೆ. ಸಂಕಟದಿಂದಲೇ ಹೇಳಿದರು, ಆದರೆ ಹೇಳಿದ ಮೇಲೆ ಊಟ ಸ್ವಲ್ಪ ಹೆಚ್ಚು ಸೇರಿತು.

ಮಾರ್ಚ್ ೧೪, ಶುಕ್ರವಾರ

ಫೊರೆನ್ಸಿಕ್ ಅಕೌಂಟೆಂಟ್ ಬಂದರು. ಸಣಕಲು ಮನುಷ್ಯ, ಅರವತ್ತರ ಆಸುಪಾಸು, ದನಿ ಬಲು ಮೆತ್ತಗೆ, ಕಂಕುಳಲ್ಲಿ ಒಂದು ಪುಟ್ಟ ದಿಂಬು. ಸೊಂಟನೋವಂತೆ. ಯಾವ ಕುರ್ಚಿ ಕೊಟ್ಟರೂ ಮೊದಲು ದಿಂಬನ್ನು ಕೂರಿಸಿ, ಆಮೇಲೆ ತಾವು ಕೂರುತ್ತಾರೆ. ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಗಿರಾಕಿಯ ಮನೆಯಲ್ಲಿ ಏನಾದರೂ ತಿಂದರೆ ಎದುರಿನ ವಕೀಲರು ಕೋರ್ಟಿನಲ್ಲಿ ಅದನ್ನೂ ಕೇಳುತ್ತಾರಂತೆ.

ನೇಮಕಾತಿ ಮಾಡಿಕೊಳ್ಳಬೇಕಾದವಳು ನಾನು. ಆದರೆ ಸಂದರ್ಶನ ನಡೆದದ್ದು ನನ್ನದೇ. ಯಾವ ಕಾಗದ ಕೇಳಿದರೂ ಕೊಡುತ್ತೀರಾ, ಯಾರನ್ನು ಬೇಕಾದರೂ ಮಾತಾಡಿಸಬಹುದಾ, ಬರೆದದ್ದು ನಿಮಗೆ ಇಷ್ಟವಾಗದಿದ್ದರೆ ತಿದ್ದಲು ಹೇಳುತ್ತೀರಾ. ಕೊಡುತ್ತೇನೆ, ಮಾತಾಡಿಸಿ, ಹೇಳುವುದಿಲ್ಲ ಎಂದೆ. ಆಮೇಲೆ ತಮ್ಮ ಫೀಜಿನ ವಿಷಯ ಹೇಳಿದರು. ಪರಿಹಾರ ಹೆಚ್ಚು ಬಂದರೂ ಅಷ್ಟೇ, ಏನೂ ಬರದಿದ್ದರೂ ಅಷ್ಟೇ. ಪಾಲು ಕೇಳುವವರ ಮಾತನ್ನು ಕೋರ್ಟು ನಂಬುವುದಿಲ್ಲ.

"ಹಾಗಾದರೆ ನಿಮಗೆ ಹುರುಪು ಎಲ್ಲಿಂದ ಬರುತ್ತೆ ಸಾರ್?"

"ಬೇಕಾಗಿಲ್ಲಮ್ಮ. ಸೊಂಟ ನೋಯದೆ ಇದ್ದರೆ ಸಾಕು."

ಸಹಿ ಹಾಕಿದೆ. ಅವರು ದಿಂಬನ್ನು ಕಂಕುಳಲ್ಲಿಟ್ಟುಕೊಂಡೇ ಕಾರ್ಖಾನೆ ಸುತ್ತಿದರು. ಕಂದು ಹಾಳೆಗಳ ರಾಶಿಯ ಪಕ್ಕ ನಿಂತರು. ಮಡಿಕೆಯ ಗೆರೆ ಒತ್ತುವ ಗಾಲಿಯನ್ನು ನೋಡಿದರು. ಅಂಟಿನ ವಾಸನೆಗೆ ಮೂರು ಸಲ ಸೀನಿದರು. ಪ್ರತಿಯೊಬ್ಬರನ್ನೂ ಕೇಳಿದ್ದು ಒಂದೇ ಪ್ರಶ್ನೆ, ಯಜಮಾನರು ಇಲ್ಲಿ ಏನು ಮಾಡುತ್ತಿದ್ದರು. ಪೆಟ್ಟಿಗೆಗೆ ಪಿನ್ನು ಹೊಡೆಯುವವಳು, ನಾವು ಪಿನ್ನಕ್ಕ ಎನ್ನುವವಳು, ಮೆಷಿನ್ ನಿಲ್ಲಿಸಿ ಹೇಳಿದಳು. "ಅವರು ಬಂದ್ರೆ ನಗು ಬರ್ತಿತ್ತು ಸಾರ್."

ಬರೆದುಕೊಂಡರು. ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿ, ಹೊಡೆದುಹಾಕಿದರು. ನಗುವಿಗೆ ಅವರಲ್ಲಿ ಕಾಲಮ್ಮು ಇಲ್ಲವೇನೋ.

ಬೆನ್ನಿಗೊಂದು ದಿಂಬು, ನೀರಿಗೊಂದು ಚೊಂಬು, ಯಾರು ಏನೇ ಹೇಳಲಿ, ನೋಡಿದ ಮೇಲೆ ನಂಬು. (ಕೊಟ್ಟದ್ದು ಲೋಟದಲ್ಲಿ. ಪ್ರಾಸಕ್ಕಾಗಿ ಚೊಂಬಾಗಿದೆ. ಸಭೆ ಕ್ಷಮಿಸಬೇಕು.)

ಮಾರ್ಚ್ ೨೨, ಶನಿವಾರ

ದಿಂಬಿನವರು ಮನೆಗೆ ಬಂದಿದ್ದರು. ಯಜಮಾನರು ತಮ್ಮೊಬ್ಬರಿಗಾಗಿ ಎಷ್ಟು ಖರ್ಚು ಮಾಡಿಕೊಳ್ಳುತ್ತಿದ್ದರು ಎಂದು ಕೇಳಲು. ಅದನ್ನು ನಷ್ಟದಿಂದ ಕಳೆಯಬೇಕಂತೆ. ಬದುಕಿದ್ದರೆ ಅದು ಹೇಗೂ ನಮ್ಮ ಕೈಗೆ ಬರುತ್ತಿರಲಿಲ್ಲ, ಅವರ ಹೊಟ್ಟೆಗೆ, ಅವರ ಮೈಗೆ ಹೋಗುತ್ತಿತ್ತು. ನ್ಯಾಯವೇ.

ಅತ್ತೆಗೆ ಇದು ಅರ್ಥವಾಗುತ್ತಿದ್ದಂತೆ ಮುಖ ಕಪ್ಪಿಟ್ಟಿತು. "ನನ್ನ ಮಗ ತಿಂದಿದ್ದನ್ನ ಕಳೀತೀರಾ? ನಾನು ಬಡಿಸಿದ್ದನ್ನ?" ಎಂದರು. ದಿಂಬಿನವರು ತಲೆ ತಗ್ಗಿಸಿ, ಹೌದಮ್ಮ, ಎಲ್ಲರಿಗೂ ಕಳೆಯುತ್ತಾರೆ ಎಂದರು.

ನಾನು ಹೇಳುತ್ತ ಹೋದೆ. ಬೂಟು ಹೆಚ್ಚು, ಒಂದು ಜೊತೆ ಸವೆಯುವ ಮೊದಲೇ ಇನ್ನೊಂದು. ಬೂಟಿನ ಪಾಲಿಶ್. ತಲೆಗೆ ಬಣ್ಣ. ಇದನ್ನು ಅತ್ತೆಗೆ ಕೇಳಿಸದ ಹಾಗೆ ಹೇಳಿದೆ, ಮಗನ ತಲೆ ಕೊನೆಯವರೆಗೂ ಕಪ್ಪಾಗಿತ್ತು ಎಂದು ಅವರು ನಂಬಿದ್ದಾರೆ. ಗಿರಾಕಿಗಳ ಮಕ್ಕಳಿಗೆ ಹಂಚಲು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ಬಣ್ಣದ ಪೆನ್ಸಿಲ್ಲು. ಇದು ಸ್ವಂತದ ಖರ್ಚೋ ವ್ಯಾಪಾರದ ಖರ್ಚೋ ಎಂದು ದಿಂಬಿನವರಿಗೆ ಅನುಮಾನ ಬಂತು. ಕೊಟ್ಟು ಬಂದ ದಿನ ಅವರೇ ಹೆಚ್ಚು ಖುಷಿಯಾಗಿರುತ್ತಿದ್ದರು ಎಂದೆ. ಹಾಗಾದರೆ ಸ್ವಂತದ್ದು ಎಂದು ಬರೆದುಕೊಂಡರು.

ಅವರು ಹೋದ ಮೇಲೆ ಬೂಟುಗಳನ್ನು ಹೊರಗೆ ತೆಗೆದು, ಧೂಳು ಒರೆಸಿ, ಮತ್ತೆ ಒಳಗಿಟ್ಟೆ. ಪಾಲಿಶ್ ಡಬ್ಬಿ ಒಣಗಿ ಬಿರುಕು ಬಿಟ್ಟಿದೆ. ಬೂಟು, ಏಟು, ಮಾತು... ಬೇಡ.

ಏಪ್ರಿಲ್ ೨, ಬುಧವಾರ

ಇಂದು ಅತ್ತೆಯ ಹೇಳಿಕೆ. ಆರ್ಡರ್ ಹೇಗೆ ಬರುತ್ತಿತ್ತು ಎಂದು ದಿಂಬಿನವರು ಕೇಳಿದರು. ಅತ್ತೆ ನೆಟ್ಟಗೆ ಕೂತರು. ನನ್ನ ಮಗ ಸಾಮಾನನ್ನು ಒಂದು ಸಲ ನೋಡಿದರೆ ಸಾಕಿತ್ತು, ಪೆಟ್ಟಿಗೆಯ ಉದ್ದ ಅಗಲ ಎತ್ತರ ಬಾಯಲ್ಲಿ ಬರುತ್ತಿತ್ತು, ಟೇಪು ಹಿಡಿಯುತ್ತಲೇ ಇರಲಿಲ್ಲ, ಮಾತಿನಲ್ಲೇ ಬೆಲೆ ಕಟ್ಟಿ ಎದ್ದು ಬರುತ್ತಿದ್ದ ಎಂದರು. ದಿಂಬಿನವರು ನನ್ನ ಕಡೆ ತಿರುಗಿದರು. ಹೌದು, ಹಾಗೇ ಎಂದೆ.

ಬಾಗಿಲು ಹಾಕಿಕೊಳ್ಳಿ ಸಭಿಕರೇ, ಇದು ಸಭೆಯ ಗುಟ್ಟು. ಅತ್ತೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಯಜಮಾನರು ಟೇಪು ಹಿಡಿಯುತ್ತಿರಲಿಲ್ಲ. ಕಣ್ಣಿನಲ್ಲಿ ಅಳೆದು, ಮನಸ್ಸಿನಲ್ಲಿ ಬೆಲೆ ಕಟ್ಟಿ, ಎದುರಿನವರ ಮುಖ ಸ್ವಲ್ಪ ಸಪ್ಪಗಾದರೆ ಅದನ್ನೂ ಇಳಿಸಿ, ಮಾತು ಕೊಟ್ಟು ಬರುತ್ತಿದ್ದರು. ಆ ಅಳತೆಗೆ ಪೆಟ್ಟಿಗೆ ಮಾಡಿದರೆ ಸಾಮಾನು ಒಳಗೆ ಹೋಗುತ್ತಿರಲಿಲ್ಲ. ಆ ಬೆಲೆಗೆ ಮಾಡಿದರೆ ನಾವು ಉಳಿಯುತ್ತಿರಲಿಲ್ಲ. ಮರುದಿನ ಬೆಳಗ್ಗೆ ಅವರು ಸ್ನಾನಕ್ಕೆ ಹೋದಾಗ ನಾನು ಗಿರಾಕಿಗೆ ಫೋನ್ ಮಾಡುತ್ತಿದ್ದೆ. "ಅಳತೆ ಇನ್ನೊಂದು ಸಲ ಹೇಳ್ತೀರಾ, ಇವರ ಕೈಬರಹ ನನಗೆ ಓದೋಕೆ ಆಗಲ್ಲ." ಅಳತೆ ತಿದ್ದಿಕೊಳ್ಳುತ್ತಿದ್ದೆ, ಅದರ ಬೆನ್ನಿಗೇ ಬೆಲೆ, ಅದರ ಬೆನ್ನಿಗೆ ಕೊಡುವ ದಿನ. ನೀರು ಸುರಿಯುವ ಸದ್ದು ನಿಲ್ಲುವ ಮೊದಲು ಮಾತು ಮುಗಿಯಬೇಕಿತ್ತು. ಮದುವೆಯಾಗಿ ಎರಡನೇ ವರ್ಷ ಶುರುವಾದದ್ದು. ಗಿರಾಕಿಗಳು ಇದಕ್ಕೆ ಅಳತೆ ಫೋನು ಎನ್ನುತ್ತಿದ್ದರು, ಅದು ಬಂದ ಮೇಲೆಯೇ ಆರ್ಡರನ್ನು ಪುಸ್ತಕಕ್ಕೆ ಹತ್ತಿಸುತ್ತಿದ್ದರು. ಒಬ್ಬರೂ ಅವರಿಗೆ ಹೇಳಲಿಲ್ಲ. ಬಿಲ್ಲಿನ ಹಣ ಬಂದಾಗ ಯಜಮಾನರು ಅಡುಗೆಮನೆಗೆ ಬಂದು ತೋರಿಸುತ್ತಿದ್ದರು. "ನೋಡೇ, ನಾನು ಹೇಳಿದ್ದಕ್ಕಿಂತ ಜಾಸ್ತಿ ಕೊಟ್ಟಿದ್ದಾರೆ. ನನ್ನ ಮೇಲೆ ಅಷ್ಟು ಪ್ರೀತಿ."

ಪ್ರೀತಿ ಇತ್ತು. ಅದೂ ಸುಳ್ಳಲ್ಲ.

ದಿಂಬಿನವರಿಗೆ ನಾನು ಇದನ್ನು ಹೇಳಿಲ್ಲ. ಕೇಳಲಿಲ್ಲ, ಹೇಳಲಿಲ್ಲ.

ಏಪ್ರಿಲ್ ೯, ಬುಧವಾರ

ಕೆಲಸವಿಲ್ಲ. ವಾರದಲ್ಲಿ ಅರ್ಧ ದಿನಗಳು ಬಾಗಿಲು ತೆಗೆದು, ಗುಡಿಸಿ, ಮೆಷಿನ್ನಿಗೆ ಎಣ್ಣೆ ಬಿಟ್ಟು, ಮತ್ತೆ ಬಾಗಿಲು ಹಾಕಿಕೊಳ್ಳುತ್ತೇವೆ. ಕೆಲಸವಿಲ್ಲದ ದಿನದ ಕೂಲಿಯನ್ನೂ ಕೊಡುತ್ತಿದ್ದೇನೆ. ಇವತ್ತು ಪಿನ್ನಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲಲ್ಲೇ ನಿಂತಳು.

"ಸುಮ್ನೆ ಕೂತು ದುಡ್ಡು ಇಸ್ಕೊಳ್ಳೋಕೆ ಕೈ ಬರಲ್ಲ ಅಕ್ಕ. ಬ್ಯಾಗಿನ ಫ್ಯಾಕ್ಟರಿಯಲ್ಲಿ ಕರೀತಿದ್ದಾರೆ."

ಇನ್ನೊಂದು ಎರಡು ತಿಂಗಳು ತಡಿ ಎಂದೆ. ಎರಡು ತಿಂಗಳಾದ ಮೇಲೆ ಏನಾಗುತ್ತೆ ಎಂದು ಕೇಳಿದಳು. ಕೇಸು ಮುಗಿಯುತ್ತೆ ಎನ್ನುವ ಬದಲು ಅವಳ ಲೆಕ್ಕ ಚುಕ್ತಾ ಮಾಡಿದೆ. ಅವಳ ಮೆಷಿನ್ನಿಗೆ ಬಟ್ಟೆ ಮುಚ್ಚಿದ್ದೇನೆ.

ಏಪ್ರಿಲ್ ೧೭, ಗುರುವಾರ

ಚಪ್ಪಲಿ ಅಂಗಡಿಯ ಸಾಹುಕಾರರ ಫೋನು. ನಮ್ಮ ಹಳೆಯ ಗಿರಾಕಿ, ಪೆಟ್ಟಿಗೆಗಿಂತ ಗಾಳಿಮಾತು ಹೆಚ್ಚು ಕೊಳ್ಳುವವರು. ದಿಂಬಿನವರು ಗಿರಾಕಿಗಳಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡುತ್ತಿದ್ದಾರಂತೆ. ನಮ್ಮ ಕಾಗದಗಳನ್ನೆಲ್ಲ ನೋಡಿ ಮುಗಿಸಿದ್ದಾಯಿತು, ಕಾಗದದಲ್ಲಿ ಇಲ್ಲದ್ದನ್ನು ಈಗ ಕೇಳುತ್ತಿದ್ದಾರೆ.

"ಏನು ಕೇಳಿದರು?"

"ಆರ್ಡರ್ ಯಾರ ಹತ್ರ ಕುದುರಿಸ್ತಿದ್ರಿ ಅಂದ್ರು. ಈಚೆಗೆ ಯಾಕೆ ಕೊಟ್ಟಿಲ್ಲ ಅಂದ್ರು."

"ನೀವೇನು ಹೇಳಿದಿರಿ?"

"ಇದ್ದಿದ್ದು ಹೇಳ್ದೆ ತಾಯಿ. ಮೆತ್ತಗೆ ಕೇಳ್ತಾರೆ, ಬೈದು ಕೇಳಿದ್ರೆ ಸುಳ್ಳು ಹೇಳ್ಬಹುದಿತ್ತು."

ಏಪ್ರಿಲ್ ೨೮, ಸೋಮವಾರ

ಮಗಳು ಕಾಲೇಜಿನಿಂದ ನೇರ ಕಾರ್ಖಾನೆಗೆ ಬಂದಳು. ನಾನು ಫೋನಿನಲ್ಲಿ ಯಾರಿಗೋ ಮೆಷಿನ್ನಿನ ಕಾಯಿಲೆ ವಿವರಿಸುತ್ತಿದ್ದೆ. ಅವಳು ಮೆಷಿನ್ನಿನ ಹತ್ತಿರ ಹೋಗಿ ಸ್ವಿಚ್ಚು ಒತ್ತಿದಳು. ಅದಕ್ಕೆ ಎಣ್ಣೆ ಬಿಟ್ಟೂ ಬಿಟ್ಟೂ ಮದುಮಗನ ಹಾಗೆ ಇಟ್ಟಿದ್ದೇವೆ. ಒಮ್ಮೆಗೇ ಓಡಿತು.

ಕೂರಿಸಿಕೊಂಡು ಕೇಸಿನ ವಿಷಯ ಹೇಳಿದೆ. ವಕೀಲರು ಹೇಳದೆ ಹೇಳಿದ್ದು, ನಷ್ಟ ಕಾಣಿಸಬೇಕಾದ ರೀತಿ, ಅವಳ ಓದು, ಅಜ್ಜಿಯ ಮಂಡಿ. ಅವಳು ಪೂರ್ತಿ ಕೇಳಿಸಿಕೊಂಡಳು. ಅವಳು ಅಪ್ಪನ ಹಾಗಲ್ಲ, ನಡುವೆ ಬಾಯಿ ಹಾಕುವುದಿಲ್ಲ.

"ಅಪ್ಪನ ಬೆಲೆ ಜಾಸ್ತಿ ಮಾಡೋಕೆ ಅಪ್ಪನ ಕಾರ್ಖಾನೆ ಮುಚ್ತಿದ್ದೀಯಾ?"

ಪ್ರಶ್ನೆ ನೇರವಾಗಿತ್ತು. ಸಭೆಯ ಅಧ್ಯಕ್ಷರು ಅದನ್ನು ಮುಂದೂಡಿದರು.

ಮೇ ೫, ಸೋಮವಾರ

ಇವತ್ತು ಬರೆಯುವಂಥದ್ದೇನೂ ಇಲ್ಲ.

ಅತ್ತರಿನ ಸೀಸೆಯೊಂದನ್ನು ಯಾರೋ ಹೊಸಬರು ಬಂದು ಬಿಟ್ಟು ಹೋಗಿದ್ದರು, ಪೆಟ್ಟಿಗೆ ಆಗುತ್ತದೆಯೇ ನೋಡಿ ಹೇಳಿ ಎಂದು. ಕತ್ತು ಸಣ್ಣ, ಹೊಟ್ಟೆ ಒಂದು ಕಡೆ ಉಬ್ಬು, ನೆಟ್ಟಗೆ ನಿಲ್ಲುವ ಜಾಯಮಾನದ್ದಲ್ಲ. ಆಗುವುದಿಲ್ಲ ಎಂದು ಹೇಳಬೇಕೆಂದೇ ಕೈಗೆತ್ತಿಕೊಂಡೆ. ಒಳಗೆ ಒಂದು ತೊಟ್ಟಿಲು ಮಾಡಿದರೆ ಹೇಗೆ ಎನ್ನಿಸಿತು. ಒಂದೇ ಹಾಳೆ, ಅಂಟಿಲ್ಲ, ಪಿನ್ನಿಲ್ಲ, ಎರಡು ಕಿವಿ ಮಡಿಚಿದರೆ ಸೀಸೆಯ ಕತ್ತು ತಾನಾಗಿ ಕೂರಬೇಕು. ಮೊದಲನೆಯದು ಸಡಿಲವಾಯಿತು. ಎರಡನೆಯದರಲ್ಲಿ ಮಡಿಕೆಯ ಗೆರೆ ಹಾಳೆಯೊಳಗಿನ ಅಲೆಗಳಿಗೆ ಅಡ್ಡ ಬಂದು ಬಿರುಕು ಬಿಟ್ಟಿತು. ಹಾಳೆ ತಿರುಗಿಸಿ ಕತ್ತರಿಸಿದೆ. ಆಮೇಲೆ ಎಷ್ಟು ಕತ್ತರಿಸಿದೆನೋ. ಕೊನೆಗೆ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದೆ, ಸೀಸೆ ಉಸಿರೆತ್ತಲಿಲ್ಲ. ನೆಲದ ತುಂಬ ರಟ್ಟಿನ ಚೂರು. ಊಟದ ಡಬ್ಬಿ ತೆರೆದೇ ಇರಲಿಲ್ಲ. ಬೀದಿದೀಪ ಹತ್ತಿದ್ದು ನೋಡಿ ಮನೆಯ ನೆನಪಾಯಿತು.

ಬೀಗ ಹಾಕುವ ಮುನ್ನ ಮಾದರಿಯನ್ನು ಕಾಲಲ್ಲಿ ತುಳಿದು ಕಸಕ್ಕೆ ಹಾಕಿದೆ. ಆ ಹೊಸಬರಿಗೆ ಆಗುವುದಿಲ್ಲ ಎಂದು ಹೇಳಿ ಕಳಿಸಿದೆ.

ಮೇ ೬, ಮಂಗಳವಾರ

ತಲೆನೋವು.

ಮೇ ೧೬, ಶುಕ್ರವಾರ

ವಕೀಲರ ಕಚೇರಿ. ಕರಡು ವರದಿ ಓದುವ ದಿನ. ವಕೀಲರು, ದಿಂಬಿನವರು, ನಾನು. ಅತ್ತೆ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು. ಮಗನ ಬಗ್ಗೆ ಏನು ಬರೆದಿದ್ದಾರೋ ಕಿವಿಯಾರೆ ಕೇಳಬೇಕು ಎಂದು ಒಳ್ಳೆಯ ಸೀರೆ ಉಟ್ಟಿದ್ದರು.

ದಿಂಬಿನವರು ದಿಂಬು ಕೂರಿಸಿದರು, ತಾವು ಕೂತರು. ಯಜಮಾನರು ತೆಗೆದುಕೊಳ್ಳುತ್ತಿದ್ದ ಸಂಬಳದ ಲೆಕ್ಕ, ಸ್ವಂತದ ಖರ್ಚು ಕಳೆದು ಉಳಿದದ್ದು, ಇದರಲ್ಲಿ ತಕರಾರಿಲ್ಲ ಎಂದರು. ಉಳಿದದ್ದು ಕಾರ್ಖಾನೆ. ಅದರ ಬೆಲೆ ನಿಜವಾಗಿಯೂ ಇಳಿದಿದೆ, ಅರ್ಧಕ್ಕಿಂತ ಕೆಳಗೆ ಹೋಗಿದೆ. ಇಳಿದದ್ದು ಸಾವಿನಿಂದಲೋ ಬೇರೆ ಕಾರಣದಿಂದಲೋ ಎನ್ನುವುದೇ ಪ್ರಶ್ನೆ. ಈ ಬಗ್ಗೆ ಎರಡು ವಿಷಯ ಸ್ಪಷ್ಟವಾಗಬೇಕು ಎಂದರು.

"ಒಂದು, ಬಂದ ಆರ್ಡರ್‌ಗಳು ಯಾಕೆ ವಾಪಸ್ ಹೋದವು. ಎರಡು, ಇಷ್ಟು ವರ್ಷ ಆರ್ಡರ್ ನಿಜವಾಗಿ ಕುದುರಿಸ್ತಿದ್ದಿದ್ದು ಯಾರು. ಎರಡನೇದರ ಬಗ್ಗೆ ಗಿರಾಕಿಗಳೆಲ್ಲ ಒಂದೇ ಮಾತು ಹೇಳಿದ್ದಾರೆ. ಅದನ್ನ ಓದ್ತೀನಿ."

ಹಾಳೆ ತಿರುಗಿಸಿದರು. ಅತ್ತೆ ಕುರ್ಚಿಯಲ್ಲಿ ಮುಂದೆ ಬಂದರು. ಅವರ ಮುಖ ಬಹುಮಾನ ವಿತರಣೆಗೆ ಬಂದ ತಾಯಿಯ ಮುಖವಾಗಿತ್ತು.

"ಓದಬೇಡಿ," ಎಂದೆ. "ಮೊದಲನೇದು ಬರ್ಕೊಳ್ಳಿ. ಆರ್ಡರ್ ಬಿಟ್ಟಿದ್ದು ನಾನೇ. ಮೆಷಿನ್ ಕೆಟ್ಟಿರಲಿಲ್ಲ. ಕಾರ್ಖಾನೆ ಬಿದ್ದಷ್ಟೂ ಪರಿಹಾರ ಜಾಸ್ತಿ ಬರುತ್ತೆ ಅಂತ ಬಿಟ್ಟೆ. ದುಡ್ಡಿಗೋಸ್ಕರ."

ವಕೀಲರು ಮೊದಲು ಬಾಗಿಲು ಹಾಕಿದೆಯೇ ಎಂದು ನೋಡಿದರು. ಆಮೇಲೆ, ಹೀಗಾದರೆ ಕಾರ್ಖಾನೆಯ ನಷ್ಟದ ಭಾಗವನ್ನೇ ಅರ್ಜಿಯಿಂದ ತೆಗೆಯಬೇಕು, ಇಟ್ಟುಕೊಂಡರೆ ಎದುರಿನವರು ನಮ್ಮನ್ನು ಮೋಸಗಾರರು ಎನ್ನುತ್ತಾರೆ, ಉಳಿದದ್ದೂ ಕೈಬಿಡುತ್ತದೆ ಎಂದರು. ತಾವು ಅಂಥ ಸಲಹೆ ಎಂದೂ ಕೊಟ್ಟಿಲ್ಲ ಎಂದೂ ಸೇರಿಸಿದರು. ಕೊಟ್ಟಿಲ್ಲ ಎಂದು ನಾನೂ ಹೇಳಿದೆ.

ಆ ಭಾಗ ತೆಗೆದರೆ ಎರಡನೆಯ ವಿಷಯ ಬೇಕಾಗುತ್ತದೆಯೇ ಎಂದು ದಿಂಬಿನವರನ್ನು ಕೇಳಿದೆ. ಅವರು ನನ್ನನ್ನೇ ನೋಡುತ್ತಿದ್ದರು.

"ಬೇಕಾಗಲ್ಲ," ಎಂದರು. ಹಾಳೆಯನ್ನು ಫೈಲಿನೊಳಗೆ ಸೇರಿಸಿ ದಾರ ಕಟ್ಟಿದರು.

ಅತ್ತೆಯನ್ನು ಕೈಹಿಡಿದು ಇಳಿಸಲು ಹೋದೆ. ಕೈ ಕೊಡವಿಕೊಂಡರು. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ತಾವೇ ಇಳಿದರು. ಕೊನೆಯ ಮೆಟ್ಟಿಲಲ್ಲಿ ನಿಂತು ತಿರುಗಿದರು.

"ನನ್ನ ಮಗನ ಹೆಣ ಇಟ್ಕೊಂಡು ವ್ಯಾಪಾರ ಮಾಡ್ದೆ."

ಅವರನ್ನು ಆಟೋದಲ್ಲಿ ಕೂರಿಸಿ ಕಳಿಸಿದ ಮೇಲೆ ದಿಂಬಿನವರು ಹೊರಗೆ ಬಂದರು. ಸ್ವಲ್ಪ ದೂರ ಜೊತೆಗೇ ನಡೆದರು. ರಸ್ತೆ ದಾಟುವ ಕಡೆ ನಿಂತು, ನನ್ನ ಕಡೆ ನೋಡದೆ ಮಾತಾಡಿದರು.

"ವಕೀಲರನ್ನ ನೀವು ಮೊದಲು ಕಂಡಿದ್ದು ಫೆಬ್ರವರಿ ಕೊನೆಗೆ. ಪರಿಹಾರ ಹೇಗೆ ಕಟ್ತಾರೆ ಅಂತ ನಿಮಗೆ ಗೊತ್ತಾಗಿದ್ದು ಮಾರ್ಚಿನಲ್ಲಿ. ನೀವು ಮೊದಲನೇ ಆರ್ಡರ್ ಬಿಟ್ಟಿದ್ದು ಜನವರಿಯಲ್ಲಿ."

ಸಿಗ್ನಲ್ಲು ಬದಲಾಯಿತು.

"ಜನವರಿಯಲ್ಲಿ ನಿಮಗೆ ದುಡ್ಡಿನ ಯೋಚನೆ ಬರೋಕೆ ಸಾಧ್ಯ ಇರಲಿಲ್ಲ. ನಾನು ಕೇಳಲ್ಲಮ್ಮ. ವರದಿಯಲ್ಲಿ ಆ ಭಾಗವೇ ಇಲ್ಲ ಈಗ."

ದಿಂಬನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ರಸ್ತೆ ದಾಟಿದರು.

ಮೇ ೧೯, ಸೋಮವಾರ

ಅತ್ತೆ ನನ್ನ ಕೈಯಿಂದ ಊಟ ಬಡಿಸಿಕೊಳ್ಳುತ್ತಿಲ್ಲ. ತಾವೇ ಎದ್ದು ಬಡಿಸಿಕೊಳ್ಳುತ್ತಾರೆ. ನಿಲ್ಲಲು ಆಗುವುದಿಲ್ಲ, ಆದರೂ ನಿಲ್ಲುತ್ತಾರೆ. ಆಪರೇಷನ್ನಿನ ಮಾತೆತ್ತಿದೆ, ಬರುವ ಹಣದಲ್ಲಿ ಅದಾಗುತ್ತದೆ. ಆ ದುಡ್ಡು ನನ್ನ ಮೈಗೆ ಮುಟ್ಟಿಸಬೇಡ ಎಂದು ಮಗಳ ಮೂಲಕ ಹೇಳಿಸಿದರು.

ಮಗಳು ಸಂದೇಶ ತಲುಪಿಸಿ ಅಲ್ಲೇ ನಿಂತಿದ್ದಳು. ಅವಳು ಇನ್ನೇನೋ ಕೇಳಬೇಕೆಂದಿದ್ದಳು. ನಾನು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. ಹೋದಳು.

ಹಜಾರದಲ್ಲಿ ಯಜಮಾನರ ಫೋಟೋದ ಕೆಳಗೆ ಅತ್ತೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಬಂದವರಿಗೆಲ್ಲ ಹೇಳುತ್ತಾರೆ, ನನ್ನ ಮಗ ಕಣ್ಣಲ್ಲೇ ಅಳೀತಿದ್ದ, ಟೇಪು ಮುಟ್ತಿರಲಿಲ್ಲ. ಹಾಗೆ ಹೇಳುವಾಗ ಅವರ ದನಿ ಗಟ್ಟಿಯಾಗಿಯೇ ಇದೆ. ಅಷ್ಟು ಸಾಕು.

ಮೇ ೨೪, ಶನಿವಾರ

ಅಧ್ಯಕ್ಷರೇ, ಸಭಿಕರೇ, ಇವತ್ತಿನ ವರದಿ. ಔಷಧಿ ಕಂಪನಿಯವರು ಬೇರೆ ಕಡೆ ವರ್ಷದ ಕರಾರು ಮಾಡಿಕೊಂಡಿದ್ದಾರೆ. ಪಿನ್ನಕ್ಕನನ್ನು ವಾಪಸ್ ಕರೆದೆ, ಬರುವುದಿಲ್ಲವಂತೆ. ಉಳಿದ ಗಿರಾಕಿಗಳಿಗೆ ಮೆಷಿನ್ ಸರಿಹೋಯಿತು ಎಂದು ಹೇಳಿದ್ದೇನೆ, ನೋಡೋಣ ಎಂದಿದ್ದಾರೆ. ವರದಿ ಇಲ್ಲಿಗೆ ಮುಗಿಯಿತು. ಇನ್ನು ವಂದನಾರ್ಪಣೆ.

ಇಲ್ಲ. ಸಾಕು. ಇಲ್ಲಿ ಯಾವ ಸಭೆಯೂ ಇಲ್ಲ, ಇರಲೂ ಇಲ್ಲ.

ರೀ, ನಿಮಗೇ ಬರೆಯುತ್ತಿದ್ದೆ. ನೀವು ಹೋದ ಮರುತಿಂಗಳು ಕಾರ್ಖಾನೆ ಎಂದಿಗಿಂತ ಚೆನ್ನಾಗಿ ನಡೆಯಿತು. ತಿದ್ದಬೇಕಾದ ಅಳತೆ ಒಂದೂ ಇರಲಿಲ್ಲ. ನೀವು ಯಾವಾಗ ಸ್ನಾನಕ್ಕೆ ಹೋಗುತ್ತೀರಿ ಎಂದು ಕಾಯಬೇಕಾಗಿರಲಿಲ್ಲ. ಜನವರಿಯ ಒಂದು ಬೆಳಗ್ಗೆ ಗಿರಾಕಿಯ ಜೊತೆ ಗಟ್ಟಿಯಾಗಿ, ಕುರ್ಚಿಯಲ್ಲಿ ಒರಗಿ ಕೂತು, ಬೇಕಾದಷ್ಟು ಹೊತ್ತು ಮಾತಾಡಿ ಫೋನು ಇಟ್ಟೆ. ಹಾಯೆನಿಸಿತು ರೀ. ನೀವಿಲ್ಲ ಎಂದು ಹಾಯೆನಿಸಿತು. ಮರುದಿನ ಫೋನು ಬಂದಾಗ ಮೆಷಿನ್ ಕೆಟ್ಟಿದೆ ಎಂದೆ.